ಮಗ್ಗದ ಕಾಲಡಿಯ ಫೈಲು

ಅಪ್ಪಯ್ಯಣ್ಣನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ದೊಡ್ಡಬಳ್ಳಾಪುರದ ಒಂದೇ ಗಲ್ಲಿಯಲ್ಲಿ, ಗೋಡೆಗೆ ಗೋಡೆ ಹತ್ತಿಕೊಂಡು ಇಪ್ಪತ್ತೆರಡು ವರ್ಷ ಸೀರೆ ನೇಯ್ದಿದ್ದೇವೆ. ಹೆಂಡತಿ ಬೈದದ್ದನ್ನೂ ನನ್ನ ಹತ್ತಿರ ಹೇಳುವ ಮನುಷ್ಯ, ತನ್ನ ಎದೆಯ ವಿಷಯ ಮಾತ್ರ ಮುಚ್ಚಿಟ್ಟ.

ಅವನ ಹಳೇ ಪವರ್‌ಲೂಮ್ ಓಡುವಾಗ ಕುಣಿಯುತ್ತದೆ. ಕುಣಿದರೆ ಎಳೆ ಕಡಿಯುತ್ತದೆ. ಅದಕ್ಕೆ ಕೈಗೆ ಸಿಕ್ಕ ದಪ್ಪ ಕಾಗದವನ್ನೆಲ್ಲ ಮಡಚಿ ಮಗ್ಗದ ಕಾಲಡಿಗೆ ತುರುಕುವುದು ಅವನ ಚಾಳಿ. ಮದುವೆ ಕಾರ್ಡು ಕೊಡುವವರೇ, "ಅಣ್ಣಾ, ಮುಹೂರ್ತ ನೋಡ್ಕೊಂಡು ಆಮೇಲೆ ತುರುಕು" ಎನ್ನುತ್ತಿದ್ದರು.

ಹೋದ ವರ್ಷ ಮಗ್ಗದ ಮುಂದೆಯೇ ಎದೆ ಹಿಡಿದು ಕುಸಿದ. ನಾನೂ ಅವನ ಹೆಂಡತಿ ಅಂಜಿನಮ್ಮನೂ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಕೈಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಹೃದಯದಲ್ಲಿ ಮುಚ್ಚಿಹೋದ ನಾಳವನ್ನು ತೆರೆಯಬೇಕಂತೆ. ಅವನನ್ನು ಒಳಗೆ ಒಯ್ದ ಮೇಲೆ ನಾನು ಕೂತೆ, ಎದ್ದೆ, ಬಾಗಿಲಿಗೆ ಹೋದೆ, ಬಂದೆ. ಮುಕ್ಕಾಲು ಗಂಟೆಯ ಮೇಲೆ ಡಾಕ್ಟರ್ ಮನೋಹರ್ ಬೆವೆತುಕೊಂಡು ಹೊರಗೆ ಬಂದರು.

"ಬಲಗಡೆ ನಾಳ ಇರಬೇಕಾದ ಜಾಗದಲ್ಲಿ ಸಿಗ್ತಿಲ್ಲ. ಮುಂಚೆ ಏನಾದ್ರೂ ಆಂಜಿಯೋಗ್ರಾಂ ಮಾಡ್ಸಿದ್ರಾ?"

"ಸಿಗ್ತಿಲ್ಲ ಅಂದ್ರೇನ್ರೀ? ಮನೇಲಿ ಬಿಟ್ಟು ಬಂದವ್ನಾ? ಓದಿದೀರೋ, ಸುಮ್ನೆ ಕೋಟು ಹಾಕ್ಕೊಂಡಿದೀರೋ?"

ನನ್ನ ಕೂಗಿಗೆ ವರಾಂಡವೆಲ್ಲ ತಿರುಗಿ ನೋಡಿತು. ಅಂಜಿನಮ್ಮ ನನ್ನ ತೋಳು ಜಗ್ಗಿದಳು.

"ಸುಮ್ಕಿರಪ್ಪಾ. ಮೂರ್ ವರ್ಸದ್ ಹಿಂದೆ ಬೆಂಗ್ಳೂರಲ್ಲಿ ಮಾಡ್ಸಿದ್ವಿ. ಯಾರ್ಗೂ ಹೇಳ್ಬೇಡ ಅಂದಿದ್ರು ನಮ್ಮನೆಯವ್ರು. ಫೈಲು..." ತಲೆ ತಗ್ಗಿಸಿದಳು. "ಮಗ್ಗದ ಕಾಲಡಿ ಐತೆ."

ಮನೆಯಲ್ಲಿದ್ದ ಅವರ ಮಗಳು ದಿವ್ಯಳಿಗೆ ಫೋನಿನಲ್ಲೇ ಕೂಗಾಡಿದೆ. ಅವಳು ಅಕ್ಕಪಕ್ಕದವರನ್ನು ಕರೆದು, ಹಾರೆ ಕೊಟ್ಟು ಮಗ್ಗ ಎತ್ತಿಸಿ, ಎಣ್ಣೆ ಕುಡಿದ ಹಾಳೆಯ ಫೋಟೋ ಕಳಿಸಿದಳು. ಬಲನಾಳ ಹುಟ್ಟಿನಿಂದಲೇ ಎಡಗಡೆಯಿಂದ ಹೊರಟಿದೆ ಎಂದು ಅದರಲ್ಲಿ ಚಿತ್ರ ಸಮೇತ ಬರೆದಿತ್ತು. ಡಾಕ್ಟರು ಅದನ್ನು ನೋಡಿದವರೇ ಒಳಗೆ ಓಡಿದರು. ಬೇರೆ ರೀತಿ ಬಾಗಿದ ಕೊಳವೆ ಹಾಕಿ, ನಾಳದ ಬಾಯಿ ಹಿಡಿದು, ಸ್ಟೆಂಟ್ ಕೂರಿಸಿದರು.

ಮಾರನೆಯ ದಿನ ಅಪ್ಪಯ್ಯಣ್ಣನ ಮೊದಲ ಮಾತು, "ಮಗ್ಗದ ಕಾಲಡಿಗೆ ಈಗ ಏನಿಟ್ರೋ?"

"ನಿನ್ ತಲೆ ಇಡ್ಬೇಕಾಗಿತ್ತು! ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮಗ್ಗ ಮುಟ್ಟೋಕೆ ಬಿಡ್ತಿದ್ದೇನ್ಲಾ?"

ಬಿಡುತ್ತಿರಲಿಲ್ಲ, ನಿಜ.

ತಪಾಸಣೆಗೆ ಈಗ ನಾನೇ ಬೈಕಿನಲ್ಲಿ ಕರೆದೊಯ್ಯುತ್ತೇನೆ. ಡಾಕ್ಟರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತೇನೆ, ಮತ್ತೆ ಮೆಟ್ಟಿಕೊಂಡು ಗೇಟಿನ ಟೀ ಅಂಗಡಿಗೆ ಬಂದುಬಿಡುತ್ತೇನೆ. "ತಪ್ಪಾಯ್ತು ಸಾರ್" ಎಂಬ ಮಾತೊಂದು ಅವರಿಗೆ ಸಲ್ಲಬೇಕಾದದ್ದು, ಇನ್ನೂ ನನ್ನ ಬಾಯಲ್ಲೇ ಇದೆ.