ಸಿಂಗಾಪುರದ ಹಲ್ಲು

ಅಥವಾ ಇದು ನಡೆದ ಊರು ಕೊಪ್ಪವೇ ಅಲ್ಲ, ನರಸಿಂಹರಾಜಪುರವಿರಬಹುದು. ಶೃಂಗೇರಿ ಬಸ್ಸಿಗೆ ಕಾಯುತ್ತ ಅಡಿಕೆ ಅಂಗಡಿಯೊಂದರ ಜಗಲಿಯಲ್ಲಿ ಕುಳಿತಿದ್ದೆ ಎಂಬುದನ್ನಷ್ಟೇ ನಂಬುತ್ತೇನೆ.

ಒಣಗಿದೆಯೇ ಎಂದು ನೋಡಲು ಅಂಗಡಿಯ ಸಾಹುಕಾರರು ಮೂಟೆಯಿಂದ ಒಂದು ಅಡಿಕೆ ತೆಗೆದು ಕಚ್ಚಿದರು. "ಹಸಿ ಇದೆ. ಹೇಳಿದ ರೇಟಿಗೆ ಆಗಲ್ಲ."

ಕಮ್ಮರಡಿಯಿಂದ ಮೂಟೆ ತಂದಿದ್ದ ಗಿರಿಜಮ್ಮ ರೇಗಿದರು. "ಯಾವ ಹಲ್ಲಲ್ಲಿ ಕಚ್ಚಿದ್ರಿ? ಸಿಂಗಾಪುರದಲ್ಲಿ ಸಿಮೆಂಟ್ ತುಂಬ್ಸಿದ್ರಲ್ಲ, ಅದ್ರಲ್ಲಾ? ಅದಕ್ಕೆಂತ ಗೊತ್ತಾಗ್ತದೆ ಮಾರಾಯ್ರೆ?"

ಟೂರಿಗೆ ಹೋದಲ್ಲಿ ಹಲ್ಲುನೋವು ಬಂದು, ಹಲ್ಲಿನ ಬಣ್ಣದ ಸಿಮೆಂಟನ್ನೇ ತುಂಬಿಸಿಕೊಂಡು ಬಂದದ್ದನ್ನು ಸಾಹುಕಾರರೇ ಊರಿಗೆಲ್ಲ ಹೇಳಿಕೊಂಡಿದ್ದರಂತೆ.

"ನನ್ನ ಸ್ವಂತ ಹಲ್ಲಲ್ಲೇ ಕಚ್ಚಿದ್ದು!"

"ಹಂಗಾರೆ ತುಂಬ್ಸಿದ್ದು ಯಾವ್ದು, ತೋರ್ಸಿ."

ಅವರು ಬಾಯಿ ತೆರೆದರು. ಹಮಾಲರು ಬಗ್ಗಿ ನೋಡಿದರು, ನಾನೂ ನೋಡಿದೆ. ಎಲ್ಲ ಹಲ್ಲೂ ಒಂದೇ ಬಣ್ಣ. ಸಾಹುಕಾರರು ಒಂದರ ಮೇಲೆ ಬೆರಳಿಟ್ಟರು. ಯೋಚಿಸಿ, ಪಕ್ಕದ್ದಕ್ಕೆ ಸರಿಸಿದರು.

"ನಿಮ್ಗೇ ಗೊತ್ತಿಲ್ಲ! ನನ್ನ ಅಡಿಕೇಲಿ ಕೊಂಕು ತೆಗೀತೀರಿ!" ಗಿರಿಜಮ್ಮ ಮೂಟೆಯ ಬಾಯಿ ಬಿಗಿದು, ಪಕ್ಕದ ಅಂಗಡಿಗೆ ಎಳೆದುಕೊಂಡೇ ಹೊರಟರು.

ಹುಳುಕನ್ನು ಇಷ್ಟು ಚೆಂದಕ್ಕೆ ಮುಚ್ಚಿದ ಆ ಪರದೇಶದ ವೈದ್ಯನ ಮೇಲೆ ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಬಸ್ಸು ಬಂತು.

ಆ ಅಡಿಕೆ ನಿಜಕ್ಕೂ ಒಣಗಿತ್ತೇ? ನನಗೆ ಗೊತ್ತಿಲ್ಲ.