ಒಂದು ‘ಎನ್’ ಸೇರಿಸದ ನೂರಕ್ಕ

ಬೆಳಿಗ್ಗೆ ಆರೂ ಹತ್ತು. ರಾಮನಗರದ ಒಂದು ಖಾಸಗಿ ನರ್ಸಿಂಗ್ ಹೋಮಿನ ಹಿಂಬದಿಯಲ್ಲಿ, ಜನರೇಟರ್ ಶೆಡ್ಡಿಗೆ ಅಂಟಿಕೊಂಡಂತಿರುವ ರೆಕಾರ್ಡ್ ರೂಮಿನಲ್ಲಿ ಟ್ಯೂಬ್‌ಲೈಟು ಉರಿಯುತ್ತಿದೆ. ನೂರ್ಜಹಾನ್ ಕೇಸ್ ಶೀಟೊಂದನ್ನು ಓದುತ್ತಾರೆ. ಕನ್ನಡಕ ತೆಗೆದು ದುಪಟ್ಟಾದ ತುದಿಯಲ್ಲಿ ಒರೆಸಿ ಮತ್ತೆ ಓದುತ್ತಾರೆ. ಎದುರಿನ ಬೆಂಚಿನ ಮೇಲೆ ಆರು ಮಂದಿ ನರ್ಸುಗಳು ನೋಟ್‌ಬುಕ್ ತೆರೆದು ಕೂತಿದ್ದಾರೆ. ಏಳೂವರೆಗೆ ಅವರ ಡ್ಯೂಟಿ ಶುರು.

‘ಡಾಕ್ಟರ್ ಸೀನ್ ಬೈ ಪೇಷೆಂಟ್’ ಅಂತ ಬರೆದವರು ಯಾರು ಎಂದು ನೂರ್ಜಹಾನ್ ಕೇಳುತ್ತಾರೆ.

“ಪೇಷೆಂಟು ಡಾಕ್ಟರನ್ನ ಪರೀಕ್ಷೆ ಮಾಡಿದ್ನಾ? ಏನ್ ಕಾಯಿಲೆಯಂತೆ ಡಾಕ್ಟರಿಗೆ?”

ಬೆಂಚಿನ ತುದಿಯಲ್ಲಿ ಯಾರೋ ನಗುತ್ತಾರೆ. ನೂರ್ಜಹಾನ್ ನಗುವುದಿಲ್ಲ. ಇದೇ ತಪ್ಪನ್ನು ಈ ತಿಂಗಳು ನಾಲ್ಕನೇ ಸಲ ನೋಡುತ್ತಿದ್ದೇನೆ ಎಂದು ಹೇಳಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು ಕಪ್ಪುಹಲಗೆಯ ಕಡೆ ತಿರುಗುತ್ತಾರೆ. ಕೈಯಲ್ಲಿರುವುದು ಪೆನ್ನು, ಸೀಮೆಸುಣ್ಣವಲ್ಲ ಎಂದು ಗೊತ್ತಾದಾಗ ಅದಕ್ಕೂ ಸಿಡುಕುತ್ತಾರೆ.

ನೂರ್ಜಹಾನ್ ಅವರಿಗೆ ನಲವತ್ತಾರು ವರ್ಷ. ಅವರು ಟೀಚರ್ ಅಲ್ಲ. ಸಂಬಳದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಇರುವುದು ಟೈಪಿಸ್ಟ್ ಎಂದು. ಮೂವತ್ತೆಂಟು ಹಾಸಿಗೆಗಳ ಈ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ, ರೋಗಿ ಮನೆಗೆ ಹೋಗುವಾಗ ಕೊಡುವ ಡಿಸ್ಚಾರ್ಜ್ ಸಮರಿ ಟೈಪ್ ಮಾಡುತ್ತಾರೆ, ಹಳೆಯ ಕೇಸ್ ಶೀಟುಗಳನ್ನು ಕಟ್ಟಿಡುತ್ತಾರೆ. ಎರಡು ವರ್ಷದಿಂದ ವಾರಕ್ಕೆ ಆರು ದಿನ, ಬೆಳಿಗ್ಗೆ ಒಂದು ಗಂಟೆ ನರ್ಸುಗಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಾರೆ. ಎಲ್ಲರಿಗೂ ಅವರು ನೂರಕ್ಕ.

ಇದು ದೊಡ್ಡ ಸೇವೆ ಎಂದು, ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಶುರುಮಾಡಿದ ವಾಕ್ಯವನ್ನು ಅವರು ಮುಗಿಸಲು ಬಿಡಲಿಲ್ಲ.

“ಸೇವೆ ಗೀವೆ ಏನಿಲ್ಲ. ಇವರು ಬರೆದಿದ್ದನ್ನ ದಿನಾ ಓದೋಳು ನಾನು. ಓದಿ ಓದಿ ತಲೆ ಕೆಟ್ಟೋಗೈತೆ. ಅದಕ್ಕೆ ಪಾಠ.”

ನೂರ್ಜಹಾನ್ ಅವರ ತಂದೆ ವಹಾಬ್ ರೇಷ್ಮೆ ನೂಲು ಬಿಚ್ಚುವವರು. ಮನೆಯ ಹಿಂದೆಯೇ ಒಲೆ, ಬಿಸಿನೀರಿನ ಬಾಣಲೆ, ಅದರಲ್ಲಿ ಬೇಯುವ ಗೂಡು. ಎಳೆಯ ತುದಿ ಹುಡುಕಿ ಹುಡುಕಿ ಬೆಂದ ಬೆರಳಲ್ಲೇ ನೂರ್ಜಹಾನ್ ಶಾಲೆಗೆ ಹೋದರು. ಏಳನೇ ತರಗತಿವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು. ಎರಡರ ನಡುವೆ ಇಂಗ್ಲಿಷನ್ನು ಯಾರೂ ಸರಿಯಾಗಿ ಹೇಳಿಕೊಡಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಮೊದಲ ಸಲ ಇಪ್ಪತ್ತೆಂಟು, ಎರಡನೇ ಸಲ ಮೂವತ್ತೊಂದು. ಮೂರನೇ ಸಲ ಸರಿಯಾಗಿ ಮೂವತ್ತೈದು.

“ಎರಡು ಸಲ ಬಿದ್ದೋಳು ನಾನು. ಎಲ್ಲಿ ಗುಂಡಿ ಐತೆ ಅಂತ ಬಿದ್ದೋರಿಗೇ ಗೊತ್ತಿರೋದು,” ಎನ್ನುತ್ತಾರೆ.

ಅವರಿಗೆ ಇಂಗ್ಲಿಷ್ ಬಂದದ್ದು ಬೆರಳಿನಿಂದ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಒಂದೇ ಪ್ಯಾರಾವನ್ನು ನಲವತ್ತು ಸಲ ಹೊಡೆಯಬೇಕಿತ್ತು. ಅರ್ಥವಾಗದಿದ್ದರೂ ಯಾವ ಪದದ ಹಿಂದೆ ಯಾವ ಪದ ಬರುತ್ತದೆ ಎನ್ನುವುದು ಕೈಗೆ ಗೊತ್ತಾಯಿತು. ಆಸ್ಪತ್ರೆಗೆ ಸೇರಿದ ಮೇಲೆ ಡಿಸ್ಚಾರ್ಜ್ ಸಮರಿಗಳೇ ಪಾಠದ ಪುಸ್ತಕವಾದವು. ರೋಗಿ ದಾಖಲಾದದ್ದು, ಆಪರೇಷನ್ ಆದದ್ದು ಎಲ್ಲ ಭೂತಕಾಲ. ಮನೆಗೆ ಹೋದ ಮೇಲೆ ನುಂಗಬೇಕಾದ ಮಾತ್ರೆ ಭವಿಷ್ಯತ್ತು. ಅನುಮಾನ ಬಂದಾಗ ಆಗಿನ ಹಿರಿಯ ಡಾಕ್ಟರನ್ನು ಕೇಳುತ್ತಿದ್ದರು. ಅವರು ಬೈದುಕೊಂಡೇ ಹೇಳಿಕೊಡುತ್ತಿದ್ದರಂತೆ. ಆ ಗುಣವೂ ತನಗೆ ಬಂದಿದೆ ಎಂದು ನೂರ್ಜಹಾನ್ ಒಪ್ಪಿಕೊಳ್ಳುತ್ತಾರೆ.

ಪಾಠ ಶುರುವಾಗಲು ಕಾರಣ ಎರಡು ವರ್ಷದ ಹಿಂದಿನ ಒಂದು ಶನಿವಾರ. ಮಾಗಡಿ ಕಡೆಯ ಹಳ್ಳಿಯ ಕೆಂಚಯ್ಯ ಎಂಬ ಹಿರಿಯರು ಕಾಲಿನ ಹುಣ್ಣಿಗೆ ದಾಖಲಾಗಿದ್ದರು. ಸಕ್ಕರೆ ಕಾಯಿಲೆ ಇತ್ತು, ತಿಂಡಿಗೆ ಮುಂಚೆ ಇನ್ಸುಲಿನ್ ಕೊಡಬೇಕಿತ್ತು. ನೈಟ್ ಡ್ಯೂಟಿಯಲ್ಲಿದ್ದವಳು ಕುದೂರಿನ ರಮ್ಯಾ, ಆಗ ಇಪ್ಪತ್ತೆರಡು ವರ್ಷ. ಅವಳು ಏಳು ಗಂಟೆಗೆ ಇಂಜೆಕ್ಷನ್ ಕೊಟ್ಟಳು. ನರ್ಸ್ ನೋಟ್ಸಿನಲ್ಲಿ ‘ಇನ್ಸುಲಿನ್ ಗಿವ್’ ಎಂದು ಬರೆದಳು. ಔಷಧಿ ಚಾರ್ಟಿನಲ್ಲಿ ಸಹಿ ಹಾಕುವುದನ್ನು ಮರೆತಳು. ಎರಡು ವಾರವಾದ ಮೇಲೆ ಅವತ್ತು ಊರಿಗೆ ಹೊರಟಿದ್ದಳು, ಮಾಗಡಿ ಬಸ್ಸಿನ ಹೊತ್ತಾಗಿತ್ತು. ಬದಲಿಗೆ ಬರಬೇಕಿದ್ದ ಸುಚಿತ್ರಾ ಇಪ್ಪತ್ತು ನಿಮಿಷ ತಡ. ರಮ್ಯಾ ಕಾಯಲಿಲ್ಲ.

ಸುಚಿತ್ರಾ ಬಂದು ನೋಟ್ಸ್ ಓದಿದಳು. ಗಿವ್ ಅಂದರೆ ಕೊಡು. ಚಾರ್ಟಿನಲ್ಲಿ ಸಹಿಯೂ ಇಲ್ಲ. ಕೊಟ್ಟಳು.

ಒಂಬತ್ತು ಗಂಟೆಯ ಹೊತ್ತಿಗೆ ಕೆಂಚಯ್ಯ ಬೆವೆತು ನೆನೆದುಹೋಗಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಚಿಕ್ಕಲಕ್ಷ್ಮಮ್ಮನನ್ನು ಸತ್ತುಹೋದ ತಮ್ಮ ತಾಯಿಯ ಹೆಸರು ಹಿಡಿದು ಕರೆದರು. ಆಕೆ ಕಿರುಚಿದ್ದು ಕೆಳಗಿನ ರೆಕಾರ್ಡ್ ರೂಮಿಗೂ ಕೇಳಿಸಿತು. ಡ್ಯೂಟಿ ಡಾಕ್ಟರು ಓಡಿ ಬಂದು, ರಕ್ತದ ಸಕ್ಕರೆ ತೀರಾ ಇಳಿದದ್ದು ಕಂಡು ಗ್ಲುಕೋಸ್ ಏರಿಸಿದರು. ಒಂದೂವರೆ ಗಂಟೆಯ ಮೇಲೆ ಕೆಂಚಯ್ಯ ಕಣ್ಣು ಬಿಟ್ಟು ಕಾಫಿ ಕೇಳಿದರು.

ಮಧ್ಯಾಹ್ನ ಕೇಸ್ ಶೀಟು ಮ್ಯಾನೇಜರ್ ಯೋಗಾನಂದ ಅವರ ಮೇಜಿನ ಮೇಲಿತ್ತು. ಅವರು ನೂರ್ಜಹಾನ್‌ರನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಸಮಾಧಾನವಾಗಿಯೇ ಮಾತಾಡಿದರಂತೆ. ಗಿವ್ ಎನ್ನುವುದರ ಕೊನೆಗೆ ಒಂದು ಎನ್ ಸೇರಿಸಿದರೆ ಗಿವನ್ ಆಗುತ್ತದೆ, ಅಂದರೆ ಕೊಟ್ಟಾಗಿದೆ ಎಂದು. ರಮ್ಯಾ ಬರೆದದ್ದು ಸರಿ ಇತ್ತು ಎಂದಾಗುತ್ತದೆ, ಆಸ್ಪತ್ರೆಯ ದಾಖಲೆಯೂ ಸರಿಯಾಗುತ್ತದೆ. ಅದೇ ಬಣ್ಣದ ಪೆನ್ನನ್ನೂ ಅವರು ತೆಗೆದಿಟ್ಟಿದ್ದರು. ಸಮರಿಯಲ್ಲಿ ಇವರ ಇಂಗ್ಲಿಷ್ ತಿದ್ದುವುದು ನೀವು ದಿನಾ ಮಾಡುವ ಕೆಲಸವೇ ಅಲ್ಲವೇ ಮೇಡಂ ಎಂದರು.

ನೂರ್ಜಹಾನ್‌ಗೆ ಲೆಕ್ಕ ಅರ್ಥವಾಯಿತು. ಎನ್ ಸೇರಿದರೆ ರಮ್ಯಾ ಉಳಿಯುತ್ತಾಳೆ. ಕೊಟ್ಟಾಗಿದೆ ಎಂದು ಬರೆದಿದ್ದರೂ ಓದದೆ ಮತ್ತೆ ಕೊಟ್ಟವಳು ಎಂಬ ಹೆಸರು ಸುಚಿತ್ರಾಳಿಗೆ ಬರುತ್ತದೆ. ರಮ್ಯಾ ಊರಿಂದ ಬರುವಾಗಲೆಲ್ಲ ಹುರಿಗಾಳು ಕಟ್ಟಿಕೊಂಡು ಬಂದು ಇವರ ಮೇಜಿನ ಮೇಲಿಡುವ ಹುಡುಗಿ. ಸುಚಿತ್ರಾ ಇವರನ್ನು ಟೈಪ್ ಮೆಷಿನ್ ಎಂದು ಹಿಂದಿನಿಂದ ಆಡಿಕೊಳ್ಳುವವಳು. ಆ ಹೊತ್ತಿಗೆ ಕುದೂರಿನಿಂದ ರಮ್ಯಾಳ ಫೋನೂ ಬಂತು. ಅಳುತ್ತಿದ್ದಳು. ಸೇರಿಸಿಬಿಡಿ ಅಕ್ಕ, ನಾನು ಕೊಟ್ಟಿದ್ದು ನಿಜ ತಾನೇ ಎಂದಳು.

“ಅದೇ ಕಷ್ಟ ಆಗಿದ್ದು ನಂಗೆ. ಅವಳು ಕೊಟ್ಟಿದ್ದು ನಿಜ. ಆದ್ರೆ ಬರೆದಿದ್ದು ಅದಲ್ಲ. ಆ ಕಡೆ ಹುಡುಗಿ ಓದಿದ್ದೂ ಅದಲ್ಲ,” ಎಂದು ನೂರ್ಜಹಾನ್ ಈಗ ಹೇಳುತ್ತಾರೆ.

ಯೋಗಾನಂದ ಅವರ ಮುಂದೆ ಅವರು ಪೆನ್ನು ಮುಟ್ಟಲಿಲ್ಲ. “ಆಗೋ ಮುಂಚೆ ತಿದ್ದಿದ್ರೆ ಅದು ಗ್ರಾಮರ್ ಸಾರ್. ಆದ್ಮೇಲೆ ತಿದ್ದಿದ್ರೆ ಅದು ಸುಳ್ಳು,” ಎಂದರು. ಶೀಟನ್ನು ಎತ್ತಿಕೊಂಡು ಡ್ಯೂಟಿ ಡಾಕ್ಟರ ಜೊತೆ ನೇರ ವಾರ್ಡಿಗೆ ಹೋದರು.

ಮಂಚದ ಪಕ್ಕ ನಿಂತು, ಆದದ್ದೆಲ್ಲವನ್ನೂ ಕನ್ನಡದಲ್ಲಿ ಚಿಕ್ಕಲಕ್ಷ್ಮಮ್ಮನಿಗೆ ಹೇಳಿದರು. ಯಾರು ಏನು ಬರೆದರು, ಯಾರು ಹೇಗೆ ಓದಿದರು, ಸಹಿ ಇಲ್ಲದ್ದು, ತಡವಾಗಿ ಬಂದದ್ದು. ಆಕೆ ಶೀಟನ್ನು ಇಸಿದುಕೊಂಡು, ಬಿಟ್ಟುಹೋದ ಅಕ್ಷರ ಯಾವ ಜಾಗದ್ದು, ತೋರಿಸಿ ಎಂದು ಕೇಳಿದರು. ನೂರ್ಜಹಾನ್ ಬೆರಳಿಟ್ಟು ತೋರಿಸಿದರು.

“ಇಷ್ಟ್ ಅಕ್ಸರುಕ್ಕೆ ನನ್ ಗಂಡ ವೋಗ್ಬುಡ್ತಿದ್ನಲ್ಲವ್ವ. ಓದ್ದೋರು ನೀವು. ಆ ಎಣ್ಣೈಕ್ಳಿಗೆ ಒಸಿ ಯೇಳ್ಕೊಡಕ್ಕೇನಾಗಿತ್ತು ನಿಮ್ಗೆ?”

ಹದಿನೇಳು ವರ್ಷದಿಂದ ಇಂಥ ವಾಕ್ಯಗಳನ್ನು ನೂರ್ಜಹಾನ್ ನೋಡುತ್ತಲೇ ಇದ್ದರು. ಸಮರಿ ಟೈಪ್ ಮಾಡುವಾಗ ಸುಮ್ಮನೆ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಬರೆದವರಿಗೆ ಒಂದು ಸಲವೂ ಹೇಳಿರಲಿಲ್ಲ. “ನಂದೂ ಪಾಲಿತ್ತಲ್ಲ ಅದರಲ್ಲಿ,” ಎನ್ನುವಾಗ ಮಾತ್ರ ಅವರ ದನಿಯ ಸಿಡುಕು ಇಳಿಯುತ್ತದೆ.

ಕೆಂಚಯ್ಯ ಆರನೇ ದಿನ ಮನೆಗೆ ಹೋದರು. ಯೋಗಾನಂದ ಕೈಮುಗಿದು ಕ್ಷಮೆ ಕೇಳಿದರು. ಸುಚಿತ್ರಾಳಿಗೆ ತಡವಾಗಿ ಬಂದದ್ದಕ್ಕೆ ಎಚ್ಚರಿಕೆಯ ಪತ್ರ, ರಮ್ಯಾಳಿಗೆ ಹದಿನೈದು ದಿನ ಸಸ್ಪೆಂಡ್. ನಡೆದದ್ದನ್ನು ಅವಳು ಇಂಗ್ಲಿಷಿನಲ್ಲಿ ಬರೆದುಕೊಡಬೇಕಿತ್ತು. ನೂರ್ಜಹಾನ್ ಬರೆದುಕೊಡಲಿಲ್ಲ, ಎದುರಿಗೆ ಕೂರಿಸಿಕೊಂಡು ಅವಳಿಂದಲೇ ಬರೆಸಿದರು. ಏಳು ಸಲ ಹರಿದು ಎಂಟನೇ ಸಲಕ್ಕೆ ಸರಿಯಾಯಿತು. ಐ ಗೇವ್. ಐ ಡಿಡ್ ನಾಟ್ ಸೈನ್. ಐ ಡಿಡ್ ನಾಟ್ ವೇಟ್.

ಆ ಕೊನೆಯ ವಾಕ್ಯವನ್ನು ಬರೆ ಎಂದು ಯಾರೂ ಹೇಳಿರಲಿಲ್ಲ, ತಾನೇ ಸೇರಿಸಿದೆ ಎನ್ನುತ್ತಾಳೆ ರಮ್ಯಾ. ಈಗ ಕನಕಪುರದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಫೋನಿನಲ್ಲಿ ಮಾತಾಡಿದಳು. “ಎರಡು ತಿಂಗಳು ನಾನು ಅಕ್ಕನ್ನ ಮಾತಾಡಿಸ್ಲಿಲ್ಲ ಸಾರ್. ಕ್ಲಾಸಿಗೆ ಹೋಗ್ತಿದ್ದೆ, ಮಾತಾಡ್ತಿರ್ಲಿಲ್ಲ. ಆ ಎನ್ ಸೇರಿಸಿದ್ರೆ ನಾನು ಇವತ್ತಿಗೂ ಗಿವ್ ಅಂತಾನೇ ಬರೀತಿದ್ದೆ.”

ರಮ್ಯಾ ಕೆಲಸಕ್ಕೆ ಮರಳಿದ ದಿನವೇ ಕ್ಲಾಸು ಶುರುವಾಯಿತು. ಮ್ಯಾನೇಜರ್ ಹಾಕಿದ ಷರತ್ತು ಒಂದೇ: ಡ್ಯೂಟಿಯ ಹೊತ್ತಿನಲ್ಲಿ ಬೇಡ. ಹಾಗಾಗಿ ನೂರ್ಜಹಾನ್ ಐದಕ್ಕೆ ಎದ್ದು, ಚನ್ನಪಟ್ಟಣದ ಬೊಂಬೆ ಕಾರ್ಖಾನೆಗೆ ಹೋಗುವ ಗಂಡ ಅಸ್ಗರ್‌ಗೆ ಬುತ್ತಿ ಕಟ್ಟಿ, ನಡೆದುಕೊಂಡು ಬರುತ್ತಾರೆ. ಆಸ್ಪತ್ರೆಯಲ್ಲಿ ಹದಿನಾಲ್ಕು ನರ್ಸುಗಳಿದ್ದಾರೆ. ಹಗಲು ಡ್ಯೂಟಿಯವರು ಬೆಂಚಿಗೆ ಬರುತ್ತಾರೆ, ನೈಟ್ ಡ್ಯೂಟಿಯವರು ಮನೆಗೆ ಹೋಗುವ ಮುಂಚೆ ನೋಟ್ಸ್ ತೋರಿಸಿ ಹೋಗುತ್ತಾರೆ. ದಿನಕ್ಕೆ ಮೂವತ್ತು, ಮೂವತ್ತೈದು ಶೀಟು. ತಿಂಗಳಿಗೆ ಎರಡು ಕೆಂಪು ರೀಫಿಲ್ ಮುಗಿಯುತ್ತದೆ.

ಮೊದಲ ಪಾಠಕ್ಕೆ ಅವರು ಪುಸ್ತಕ ತೆರೆಯುವುದಿಲ್ಲ. ಸಿರಿಂಜ್ ಎಲ್ಲಿದೆ ಎಂದು ಕೇಳುತ್ತಾರೆ. ಟ್ರೇಯಲ್ಲಿದ್ದರೆ ಇನ್ನೂ ಕೊಡಬೇಕು, ಕೈಯಲ್ಲಿದ್ದರೆ ಕೊಡುತ್ತಿದ್ದೀರಿ, ಕಸದ ಡಬ್ಬದಲ್ಲಿದ್ದರೆ ಕೊಟ್ಟಾಗಿದೆ. ತೊಂದರೆ ಇಂಗ್ಲಿಷಿನದಷ್ಟೇ ಅಲ್ಲ, ನಮ್ಮ ಬಾಯಿಯದೂ ಹೌದು ಎನ್ನುವುದು ಅವರ ವಾದ. ದಿನಾ ಬರುವುದಕ್ಕೂ ಬತ್ತೀನಿ, ನಾಳೆ ಬರುವುದಕ್ಕೂ ಬತ್ತೀನಿ. ಇನ್ನೂ ಮನೆಯಿಂದ ಹೊರಡದಿದ್ದರೂ ಫೋನಿನಲ್ಲಿ ‘ಬಂದೆ’. ಅದನ್ನೇ ಇಂಗ್ಲಿಷಿಗೆ ಹಾಕಿ ‘ಐ ಕೇಮ್’ ಎಂದು ಡಾಕ್ಟರಿಗೆ ಮೆಸೇಜ್ ಕಳಿಸಿ ಬೈಸಿಕೊಂಡವರು ಈ ಬೆಂಚಿನ ಮೇಲೆ ಇಬ್ಬರಿದ್ದಾರೆ.

ಅವರ ಬೇಸರಕ್ಕೆ ಕಾರಣಗಳು ಬೇಕಾದಷ್ಟಿವೆ. ಪಾಠದ ನಡುವೆ ಕರೆಂಟು ಹೋಗಿ ಜನರೇಟರ್ ಶುರುವಾದರೆ ಏನೂ ಕೇಳಿಸುವುದಿಲ್ಲ. ತರಿಸಿಕೊಂಡ ಚಾ ದಿನಾ ಶೀಟುಗಳ ಪಕ್ಕದಲ್ಲೇ ತಣ್ಣಗಾಗುತ್ತದೆ. ಮೊಬೈಲಿನ ಗೀಳಿನಿಂದ ನರ್ಸುಗಳು ಪದಗಳ ಬಾಲ ಕತ್ತರಿಸಿ ಬರೆಯುತ್ತಾರೆ. ಡಾಕ್ಟರುಗಳ ಕೈಬರಹ ಓದಲು ಬೇರೆಯೇ ಶಾಲೆ ಬೇಕು. ಮನೆಯಲ್ಲಿ ಡಿಗ್ರಿ ಓದುವ ಮಗಳು ಅಸ್ರಾ, ಅರ್ಥ ಆದರೆ ಸಾಕಲ್ಲ ಅಮ್ಮಿ, ಯಾಕೆ ಇಷ್ಟು ಒದ್ದಾಡುತ್ತೀಯ ಎಂದು ಕೇಳುತ್ತಾಳೆ. ಎಲ್ಲಕ್ಕಿಂತ ದೊಡ್ಡ ಕಿರಿಕಿರಿ, ಕಲಿತವರು ನಿಲ್ಲುವುದಿಲ್ಲ. ಎರಡು ವರ್ಷದಲ್ಲಿ ಒಂಬತ್ತು ಮಂದಿ ಬಿಡದಿ, ಕನಕಪುರ, ಬೆಂಗಳೂರಿನ ಆಸ್ಪತ್ರೆಗಳಿಗೆ ಹೋದರು. ಅವರ ಜಾಗಕ್ಕೆ ಬಂದವರಿಗೆ ಮತ್ತೆ ಮೊದಲಿನಿಂದ.

“ಈಸ್, ವಾಸ್ ಅಂತ ಎಷ್ಟನೇ ಸಲ ಹೇಳ್ತಿದೀನೋ ಲೆಕ್ಕ ಇಲ್ಲ. ಕನಸಲ್ಲೂ ಅದೇ. ನಮ್ಮೆಜಮಾನ್ರು ಎಬ್ಬಿಸಿ, ಈಸ್ ಅಂತೆ ಬುಡು, ಮಲಕೋ ಅಂತಾರೆ.”

ಹಾಗಿದ್ದರೆ ಬಿಟ್ಟುಬಿಡಬಹುದಲ್ಲ ಎಂದು ಕೇಳಿದೆ. ಅವರು ಮುಂದಿನ ಶೀಟನ್ನು ಎಳೆದುಕೊಂಡರು. ಅದನ್ನು ತಿದ್ದುತ್ತಲೇ ಹಿಂದಿನ ತಿಂಗಳ ಸಂಗತಿಯೊಂದನ್ನು ಹೇಳಿದರು.

ಸಂಬಂಧಿಕರ ಮದುವೆಗೆಂದು ನೂರ್ಜಹಾನ್ ನಾಲ್ಕು ದಿನ ರಜೆ ಹಾಕಿದ್ದರು. ಎರಡು ವರ್ಷದಲ್ಲಿ ಮೊದಲ ರಜೆ. ಅಲ್ಲಿ ಬಿರಿಯಾನಿಯ ಮುಂದೆ ಕೂತಾಗಲೂ ಯಾರು ಏನು ಬರೆದಿರುತ್ತಾರೋ ಎಂಬ ಚಿಂತೆ. ಐದನೇ ದಿನ ಬೆಳಿಗ್ಗೆ ಐದೂಮುಕ್ಕಾಲಕ್ಕೇ ಬಂದು, ನಾಲ್ಕೂ ದಿನದ ಶೀಟುಗಳನ್ನು ರಾಶಿ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಕೂತರು. ಒಟ್ಟು ನೂರಾ ಇಪ್ಪತ್ತೆಂಟು ಶೀಟು. ಆರು ಕಡೆ ಸ್ಪೆಲಿಂಗ್ ತಪ್ಪಿತ್ತು. ಕಾಲದ ತಪ್ಪು ಒಂದೂ ಸಿಗಲಿಲ್ಲ. ನಂಬಿಕೆ ಬಾರದೆ ಇನ್ನೊಮ್ಮೆ ಹುಡುಕಿದರು.

“ಮೊದಲು ಸಿಟ್ಟೇ ಬಂತು. ನಾನಿಲ್ದಿದ್ರೂ ಬರೀತಾರೆ ಅಂದ್ರೆ, ನಾನಿದ್ದಾಗ ಯಾಕೆ ಹಂಗೆ ಸಾಯಿಸ್ತಾರೆ ಅಂತ.”

ಆ ನರ್ಸುಗಳಿಗೆ ಏನು ಹೇಳಿದಿರಿ ಎಂದು ಕೇಳಿದೆ.

“ಏನೂ ಹೇಳ್ಲಿಲ್ಲ. ಹೊಗಳಿದ್ರೆ ಮಾರನೇ ದಿನಾನೇ ಕೆಡಿಸ್ತಾರೆ.” ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟು, ಮುಖ ಆ ಕಡೆ ತಿರುಗಿಸಿ ಸೇರಿಸಿದರು: “ಅವತ್ತು ಕ್ಯಾಂಟೀನಿಗೆ ಹೋಗಿ, ಕುರ್ಚಿ ಮೇಲೆ ಕೂತ್ಕೊಂಡು, ತಣ್ಣಗಾಗೋ ಮುಂಚೆ ಚಾ ಕುಡಿದೆ.”