ಖಾತೂನಬಿ ಆಯಿ ಹೊಲಿದ ಚಿಕ್ಕ ಕೌದಿ

ಹೊದೆಯುವ ಕೌದಿ ಹೊಲಿಯಲೆಂದು ಹಳೆಯ ಬಟ್ಟೆ ಕೈಗೆ ಬಂದರೆ ಖಾತೂನಬಿ ಆಯಿ ಮೊದಲು ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂರುತ್ತಿದ್ದಳು. ಮೆತ್ತಗಿದ್ದರೆ ಬಲಕ್ಕೆ, ಇನ್ನೂ ಗಡುಸಿದ್ದರೆ ಎಡಕ್ಕೆ. ಒಮ್ಮೆ ದೊಡವಾಡದಿಂದ ಬಂದ ಹೆಂಗಸೊಬ್ಬಳು ಹೊಸ ಸೀರೆಯನ್ನೇ ಕೌದಿಗೆ ಹಾಕೆಂದು ಕೊಟ್ಟಾಗ ಆಯಿ ಮಡಚಿ ವಾಪಸು ಕೊಟ್ಟಳು. "ಇದು ಇನ್ನೂ ಯಾರ ಮೈಯೂ ಕಂಡಿಲ್ಲವಾ. ಒಂದೈದು ವರ್ಷ ಉಟ್ಟು, ಒಗದು, ತಗೊಂಡ ಬಾ. ನಾ ಎಲ್ಲಿ ಹೊಕ್ಕೇನಿ, ಇಲ್ಲೇ ಇರತೇನಿ."

ಬೈಲಹೊಂಗಲದ ಓಣಿಯಲ್ಲಿ ನಮ್ಮ ಮನೆಗೂ ಆಯಿಯ ಮನೆಗೂ ಒಂದೇ ಗೋಡೆ. ಅಪ್ಪ ಹತ್ತಿ ಪೇಟೆಯಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಅಷ್ಟೂ ವರ್ಷ ನಾನು ಹೊದ್ದು ಓದಿದ್ದು ಆಯಿಯ ಕೌದಿಯನ್ನು. ಇಂಜಿನಿಯರಿಂಗ್ ಸೇರಿದ ದಿನದಿಂದ ಅವಳು ನನ್ನ ಹೆಸರು ಬಿಟ್ಟು "ಏ ಇಂಜಿನಿಯರ್ ಬಾಯಿ, ನಮ್ಮ ಮನಿ ಬಲ್ಬ್ ಹತ್ತವಲ್ದು, ನೀ ಓದಿದ್ದು ಏನು?" ಎಂದು ಗೋಡೆಯಾಚೆಯಿಂದಲೇ ಕೂಗುತ್ತಿದ್ದಳು.

ಆಯಿಗೆ ಒಂದು ಕಟ್ಟುನಿಟ್ಟಿತ್ತು. ಕೌದಿಯ ಮೂರು ಮೂಲೆ ಹೊಲಿದು, ನಾಲ್ಕನೆಯದನ್ನು ಮುಚ್ಚುವ ಮುಂಚೆ ಒಳಗೆ ಒಂದು ಚೂರು ಜೋಳದ ರೊಟ್ಟಿ, ಚಿಟಿಕೆ ಬೆಲ್ಲ ಇಡಬೇಕು. "ಹೊಟ್ಟಿ ಖಾಲಿ ಇಟ್ಟ ಮುಚ್ಚಬಾರದವಾ. ತಾನ ಹಸದು ಕುಂತ್ರ ಇನ್ನೊಬ್ಬರ್ನ ಹ್ಯಾಂಗ ಬೆಚ್ಚಗ ಇಟ್ಟೀತು?"

ಕೊನೆಯ ವರ್ಷ ನಮ್ಮ ತಂಡ ಬಲೂನು ಹಾರಿಸುವ ಕೆಲಸ ಹಿಡಿಯಿತು. ವಿಮಾನಗಳಿಗಿಂತ ಎತ್ತರಕ್ಕೆ ಹೋಗಿ ಒಡೆಯುವ ಬಲೂನು. ಅದರ ಕೆಳಗೆ ತೂಗುವ ಥರ್ಮಾಕೋಲ್ ಡಬ್ಬಿಯಲ್ಲಿ ಕ್ಯಾಮೆರಾ, ಉಷ್ಣತೆ ದಾಖಲಿಸುವ ಯಂತ್ರ, ಬ್ಯಾಟರಿ. ಬಲೂನು ಒಡೆದ ಮೇಲೆ ಪ್ಯಾರಾಚೂಟು ಡಬ್ಬಿಯನ್ನು ಇಳಿಸಿಕೊಂಡು ಬರಬೇಕು. ತೊಂದರೆ ಇದ್ದದ್ದು ಮೇಲಿನ ಚಳಿಯದು. ಐಸ್ ಫ್ಯಾಕ್ಟರಿಯಲ್ಲಿ ಇಟ್ಟು ನೋಡಿದರೆ ಅರ್ಧ ಗಂಟೆಗೇ ಬ್ಯಾಟರಿ ಸತ್ತಿತು. ಡಬ್ಬಿಯ ಒಳಗನ್ನು ಬೆಚ್ಚಗಿಡುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಗೊತ್ತಿದ್ದ ಬೆಚ್ಚಗಿನ ವಸ್ತು ಒಂದೇ.

"ಭಾಳ ಚಳಿ ಐತೇನು ಅಲ್ಲಿ?" ಎಂದಳು ಆಯಿ.

"ಭಾಳ, ಆಯಿ."

"ಯಾರ ಇರತಾರ?"

"ಯಾರೂ ಇಲ್ಲ."

"ಮತ್ತ ಯಾರ್ನ ಮಾತಾಡಸಾಕ ಹೊಂಟೀರಿ?" ಎಂದು ನಕ್ಕಳು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಆದರೂ ತನ್ನದೇ ಹಳೆಯ ಓಢಣಿ ಹರಿದು, ನಾಲ್ಕು ದಿನ ಕೂತು, ಡಬ್ಬಿಯ ಒಳಗೆ ಸುತ್ತಿ ಕೂರುವಂಥ ಚಿಕ್ಕ ಕೌದಿ ಹೊಲಿದಳು. ಹಗುರ ಇರಬೇಕು, ತೂಕ ಹೆಚ್ಚಾದರೆ ಏರುವುದಿಲ್ಲ ಎಂದು ದಿನಾ ಹೇಳಿದೆ. "ತಿಳೀತು, ತಲಿ ತಿನ್ನಬ್ಯಾಡ" ಎಂದಳು. ಐಸ್ ಫ್ಯಾಕ್ಟರಿಯಲ್ಲಿ ಈ ಸಲ ಬ್ಯಾಟರಿ ಸಾಯಲಿಲ್ಲ.

ಹಾರಿಸುವ ಹಿಂದಿನ ದಿನ ಪ್ರಯೋಗಶಾಲೆಯಲ್ಲಿ ಡಬ್ಬಿ ತೂಗಿದರೆ ಕೆಲವು ಗ್ರಾಂ ಹೆಚ್ಚು. ಒಂದೊಂದೇ ತೆಗೆದು ತೂಗುತ್ತ ಬಂದ ಗೆಳೆಯನ ಬೆರಳಿಗೆ ಕೌದಿಯ ಮೂಲೆಯಲ್ಲಿ ಗಂಟು ಸಿಕ್ಕಿತು. ಕತ್ತರಿ ಹಾಕಿದ. ಒಣಗಿದ ರೊಟ್ಟಿ ಚೂರು, ಬೆಲ್ಲ ಮೇಜಿನ ಮೇಲೆ ಬಿತ್ತು.

"ಸರ, ಬಲೂನಿಗೆ ಬುತ್ತಿ ಕಟ್ಟ್ಯಾರ ನೋಡ್ರಿ" ಎಂದ ಅವನು. ಎಲ್ಲರೂ ನಕ್ಕರು. ಸರ್ ಕೂಡ ನಕ್ಕು ನನ್ನ ಕಡೆ ತಿರುಗಿದರು. "ಯಾರು ಹೊಲಿದದ್ದಮ್ಮಾ ಇದು?"

ಕೆಟ್ಟದಾಗಿ ಕೇಳಿರಲಿಲ್ಲ ಅವರು. ನಮ್ಮ ಆಯಿ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು, "ಬಾಜಾರದಾಗ ತಗೊಂಡೇನ್ರಿ ಸರ" ಎಂದೆ. ಬಿಚ್ಚಿದ ಮೂಲೆಯನ್ನು ನಾನೇ ಅಡ್ಡಾದಿಡ್ಡಿ ಹೊಲಿದೆ. ಹೇಳಿದ್ದಕ್ಕೆ ತಕ್ಕಂತೆ ವರದಿಯಲ್ಲೂ ಬರೆದೆ: ಅಂಗಡಿಯಿಂದ ತಂದ ಬಟ್ಟೆಯ ಹೊದಿಕೆ.

ಕಿತ್ತೂರಿನ ಬಳಿಯ ಹೊಲವೊಂದರಿಂದ ಬಿಟ್ಟ ಬಲೂನು ಸವದತ್ತಿಯ ಕಡೆ ತೇಲುತ್ತ ಹೋಗಿ ಕಾಣೆಯಾಯಿತು. ಎರಡು ದಿನದ ಮೇಲೆ ತೊರಗಲ್ಲಿನ ಕುರುಬರೊಬ್ಬರು ಡಬ್ಬಿಯ ಮೇಲಿದ್ದ ನಂಬರಿಗೆ ಫೋನು ಮಾಡಿಸಿದರು. ಕ್ಯಾಮೆರಾ ಕೊನೆಯವರೆಗೂ ಚಿತ್ರ ತೆಗೆದಿತ್ತು: ಕಪ್ಪು ಆಕಾಶ, ಅದರ ಕೆಳಗೆ ಬಾಗಿದ ನೆಲ.

ಕೌದಿಯನ್ನು ಆಯಿಗೆ ತಂದು ಕೊಟ್ಟೆ. ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸುತ್ತ ಬಂದವಳು ನಾಲ್ಕನೆಯ ಮೂಲೆಯಲ್ಲಿ ಕೈ ನಿಲ್ಲಿಸಿದಳು.

"ಬೀಳೂವಾಗ ಹರದಿರಬೇಕು" ಎಂದಳು, ತನಗೆ ತಾನೇ. ಆಮೇಲೆ, "ಯಾರು ಹೊಲದಾರ ಅಂತ ನಿಮ್ಮ ಸರ ಏನರ ಕೇಳಿದ್ರೇನು?"

"ಕೇಳಿದ್ರು."

"ಏನಂದಿ?"

"ನಿನ್ನ ಹೆಸರು ಹೇಳಿದೆ, ಆಯಿ. ಪುಸ್ತಕದಾಗ ಬರಕೊಂಡ್ರು."

ಆಯಿ ಸೆರಗು ಸರಿಮಾಡಿಕೊಂಡು ಎದ್ದಳು. ಕಟ್ಟೆಯ ಮೇಲೆ ನಿಂತು ಎದುರು ಮನೆಯವಳನ್ನು ಕರೆದಳು.

ಮುಂದಿನ ವರ್ಷ ರಾಮದುರ್ಗದಲ್ಲಿ ಕೆಲಸಕ್ಕೆ ಸೇರಿದ್ದೆ. ಆಯಿ ತೀರಿಕೊಂಡ ಸುದ್ದಿ ಮುಟ್ಟಿ ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು. ಸೊಸೆ ಮೆಹಬೂಬಿ ಚಹಾ ಕೊಟ್ಟು ಎದುರಿಗೆ ಕೂತಳು.

"ಅಕ್ಕಾರ, ಕಾಲೇಜಿನ ಪುಸ್ತಕದಾಗ ನನ್ನ ಹೆಸರೈತಿ ಅಂತ ಅತ್ತಿ ಬಂದವರ ಮುಂದೆಲ್ಲ ಹೇಳತಿದ್ಲು. ರೇಷನ್ ಕಾರ್ಡ್ ಬಿಟ್ರ ಆಕೀ ಹೆಸರು ಇನ್ನೆಲ್ಲೂ ಬರದದ್ದಿಲ್ರಿ. ಒಂದ್ಸಲ ತಂದು ತೋರಸ್ರಿ."

"ತರತೇನಿ" ಎಂದೆ.

ಆ ವರದಿ ನನ್ನ ಹತ್ತಿರವೇ ಇದೆ. ಮೆಹಬೂಬಿ ಮತ್ತೆ ಕೇಳಲಿಲ್ಲ. ಆದರೆ ಊರಿಗೆ ಹೋದಾಗ ನಾನೀಗ ಅವರ ಕಟ್ಟೆಯ ಮುಂದೆ ಹಾಯದೆ ಹಿಂದಿನ ಬಾಗಿಲಿನಿಂದ ಮನೆ ಸೇರುತ್ತೇನೆ.